ಹತ್ತು ನಿಮಿಷ, ಒಂದು ಹಾಳೆ

‘ಇದೇನ್ ಮಗಾ, ಆನೆ ಕಾಲಾ?’

ನನ್ನ ನೋಟ್‌ಬುಕ್ಕಿನ ಮೊದಲ ಪುಟ ನೋಡಿ ರೂಮ್‌ಮೇಟ್ ಕೇಳಿದ ಪ್ರಶ್ನೆ ಇದು. ನಾನು ಬರೆದದ್ದು ಹಾಸ್ಟೆಲ್ ಮೆಸ್ಸಿನ ಸ್ಟೀಲ್ ಲೋಟ. ಬಾಯಿ ಓರೆಯಾಗಿ, ತಳ ಅಗಲವಾಗಿ, ನಿಜಕ್ಕೂ ಆನೆಯ ಕಾಲಿನಂತೆಯೇ ಕಾಣುತ್ತಿತ್ತು. ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. ನನಗೂ ನಗು ತಡೆಯಲಾಗಲಿಲ್ಲ. ಆ ಹಾಳೆ ಹರಿದು ಹಾಕಬೇಕು ಅನ್ನಿಸಿತು, ಯಾಕೋ ಬಿಟ್ಟೆ. ಅದಾಗಿ ಹನ್ನೊಂದು ತಿಂಗಳಾಯಿತು. ಈಗ ಆ ನೋಟ್‌ಬುಕ್ಕಿನ ಜೊತೆ ಇನ್ನೂ ಮೂರು ಸೇರಿವೆ. ಎಲ್ಲಾ ಸೇರಿ 287 ಚಿತ್ರಗಳು. ಒಂದನ್ನೂ ಫ್ರೇಮ್ ಹಾಕಿಸಿ ಗೋಡೆಗೆ ತೂಗುಹಾಕುವಂತಿಲ್ಲ. ಆದರೂ ಅವು ಬೇಕೇ ಬೇಕು ಅನ್ನಿಸುವಂಥ ಒಂದು ಸಂಗತಿ ಈ ನಡುವೆ ನಡೆಯಿತು. ಅದಕ್ಕೇ ಈ ಬರಹ.

ನಾನು ಮೆಕ್ಯಾನಿಕಲ್ ಬಿ.ಇ. ಐದನೇ ಸೆಮಿಸ್ಟರ್‌ನಲ್ಲಿದ್ದೇನೆ. ಊರು ಅರಸೀಕೆರೆ ಹತ್ತಿರದ ಒಂದು ಹಳ್ಳಿ, ಓದು ತುಮಕೂರಿನಲ್ಲಿ. ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರು ಹುರಿದುಂಬಿಸಿ ಲೋಯರ್ ಗ್ರೇಡ್ ಪರೀಕ್ಷೆ ಕಟ್ಟಿಸಿದ್ದರು. ಪಾಸೂ ಆಗಿದ್ದೆ. ಆಮೇಲೆ ಪಿಯುಸಿ ಬಂತು, ಸಿಇಟಿ ಬಂತು, ಬಣ್ಣದ ಡಬ್ಬಿ ಅಟ್ಟ ಸೇರಿತು. ಎಂಜಿನಿಯರಿಂಗ್‌ನಲ್ಲಿ ‘ಡ್ರಾಯಿಂಗ್’ ಇದೆ ಅಂತ ಖುಷಿಪಟ್ಟಿದ್ದೆ. ಇಲ್ಲಿ ಬಂದರೆ ಗೆರೆ ಎಳೆಯುವುದು ಮೌಸು. ತಪ್ಪಾದರೆ ಅನ್‌ಡೂ ಒತ್ತಿದರಾಯಿತು.

ಎರಡನೇ ವರ್ಷದ ಅಕ್ಟೋಬರ್‌ನಲ್ಲಿ ‘ಇಂಕ್ಟೋಬರ್’ ಎಂಬ ಸವಾಲು ಕಣ್ಣಿಗೆ ಬಿತ್ತು. ಅಮೆರಿಕದ ಚಿತ್ರಕಾರ ಜೇಕ್ ಪಾರ್ಕರ್ 2009ರಲ್ಲಿ ತನ್ನ ಕೈ ಪಳಗಿಸಿಕೊಳ್ಳಲು ಶುರು ಮಾಡಿದ್ದು. ಅಕ್ಟೋಬರ್‌ನ 31 ದಿನವೂ ದಿನಕ್ಕೊಂದರಂತೆ ಇಂಕಿನಲ್ಲಿ ಚಿತ್ರ ಬರೆಯಬೇಕು. ಈಗ ಎಷ್ಟೋ ದೇಶದ ಜನ ಇದನ್ನು ಮಾಡುತ್ತಾರೆ. ಮಾಡೇಬಿಡೋಣ ಅಂತ ತಿಂಗಳ ಖರ್ಚಿನ ದುಡ್ಡಿನಲ್ಲಿ ದಪ್ಪ ಹಾಳೆಯ ಸ್ಕೆಚ್‌ಬುಕ್, ನಾಲ್ಕು ಬಗೆಯ ಪೆನ್ನು ತಂದೆ. ದಿನಾ ಇನ್‌ಸ್ಟಾಗ್ರಾಮ್‌ಗೆ ಹಾಕುತ್ತೇನೆ ಅಂತ ಎಲ್ಲರಿಗೂ ಸಾರಿದೆ. ಮೊದಲ ವಾರ ಒಂದೊಂದು ಚಿತ್ರಕ್ಕೂ ಎರಡೆರಡು ತಾಸು ಕೂತೆ. 12ನೇ ದಿನಕ್ಕೆ ಇಂಟರ್ನಲ್ಸ್ ಬಂತು, ಒಂದು ದಿನ ತಪ್ಪಿತು. ಮರುದಿನ ಎರಡು ಬರೆಯಬೇಕಲ್ಲ ಅನ್ನೋ ಭಾರಕ್ಕೆ ಅದೂ ತಪ್ಪಿತು. ಮೂರನೇ ದಿನದಿಂದ ಸ್ಕೆಚ್‌ಬುಕ್ ನೋಡಿದರೇ ತಪ್ಪಿತಸ್ಥನಂತೆ ಅನ್ನಿಸತೊಡಗಿ, ಅದನ್ನು ಸೂಟ್‌ಕೇಸಿನ ತಳಕ್ಕೆ ಸೇರಿಸಿದೆ.

ದೀಪಾವಳಿಗೆ ಊರಿಗೆ ಹೋಗಿದ್ದೆ. ಬೆಳಿಗ್ಗೆ ಅಮ್ಮ ಬಾಗಿಲಿಗೆ ನೀರು ಹಾಕಿ, ಅಂಗಳ ಸಾರಿಸಿ, ರಂಗೋಲಿ ಇಡುತ್ತಿದ್ದಳು. ಹುಟ್ಟಿದಾಗಿನಿಂದ ನೋಡಿದ್ದೇ. ಅವತ್ತು ಮಾತ್ರ ಹೊಸ್ತಿಲ ಮೇಲೆ ಕೂತು ನೋಡಿದೆ. ಹಬ್ಬವಾದ್ದರಿಂದ ಅವತ್ತಿನದು ದೊಡ್ಡ ಚುಕ್ಕಿ ರಂಗೋಲಿ. ಉಳಿದ ದಿನ ಹೊಲದ ಕೆಲಸ ಇದ್ದರೆ ನಾಲ್ಕೇ ಗೆರೆ. ಇಡೀ ಮನೆಗೆ ಜ್ವರ ಬಂದಿದ್ದ ವಾರ ಅದೂ ಇರಲಿಲ್ಲ. ಹತ್ತು ಗಂಟೆ ಹೊತ್ತಿಗೆ ಅಪ್ಪನ ಬೈಕು ಅದರ ಮೇಲೇ ಹಾದುಹೋಯಿತು.

‘ಅಮ್ಮಾ, ಇಷ್ಟು ಕಷ್ಟಪಟ್ಟು ಬಿಡ್ತೀಯ, ಅಳಿಸಿಹೋಗುತ್ತಲ್ಲ, ಬೇಜಾರಾಗಲ್ವಾ?’ ಅಂದೆ.

‘ಅಳಿಸದೇ ಇದ್ರೆ ನಾಳೆ ಎಲ್ಲೋ ಬಿಡ್ಲಿ?’ ಅಂದಳು, ಕೈಯಲ್ಲಿದ್ದ ರಂಗೋಲಿ ಪುಡಿ ಕೊಡವಿಕೊಳ್ಳುತ್ತಾ.

ನಾನು ಸೋತದ್ದು ಯಾಕೆ ಅಂತ ಆಗ ಹೊಳೆಯಿತು. ಅಮ್ಮನಿಗೆ ದಿನವೂ ಚೆನ್ನಾಗಿಯೇ ಬರಬೇಕೆಂಬ ಹಟವಿಲ್ಲ. ತಪ್ಪಿದ ದಿನದ ಬಾಕಿ ತೀರಿಸುವ ಲೆಕ್ಕವೂ ಇಲ್ಲ. ನೀರು ಹಾಕಿದ ಕೂಡಲೇ ಕೈ ತಾನಾಗಿ ರಂಗೋಲಿ ಡಬ್ಬಿಗೆ ಹೋಗುತ್ತದೆ, ಅಷ್ಟೇ.

ಆಮೇಲೆ ಅಭ್ಯಾಸಗಳ ಬಗ್ಗೆ ಓದುವಾಗ ಇದಕ್ಕೆ ಪುಷ್ಟಿ ಕೊಡುವ ಒಂದು ಅಧ್ಯಯನ ಸಿಕ್ಕಿತು. ‘21 ದಿನ ಮಾಡಿದರೆ ಅಭ್ಯಾಸವಾಗುತ್ತದೆ’ ಎಂಬ ಮಾತನ್ನು ನಾವೆಲ್ಲ ಕೇಳಿದ್ದೇವೆ. ಅದು 1960ರಲ್ಲಿ ಮ್ಯಾಕ್ಸ್‌ವೆಲ್ ಮಾಲ್ಟ್ಸ್ ಎಂಬ ಪ್ಲಾಸ್ಟಿಕ್ ಸರ್ಜನ್ ತನ್ನ ರೋಗಿಗಳನ್ನು ನೋಡಿ ಬರೆದ ಮಾತಿನಿಂದ ಹರಡಿದ್ದು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪ್ಪಾ ಲಾಲಿ ಮತ್ತು ಸಂಗಡಿಗರು 96 ಜನರನ್ನು 12 ವಾರ ಗಮನಿಸಿದಾಗ ಕಂಡದ್ದು ಬೇರೆ. ಒಂದು ಕೆಲಸ ಯೋಚನೆಯಿಲ್ಲದೆ ತಾನಾಗಿ ನಡೆಯುವ ಮಟ್ಟಕ್ಕೆ ಬರಲು ಸರಾಸರಿ 66 ದಿನ ಬೇಕು. ಆದರೆ ಒಬ್ಬೊಬ್ಬರಿಗೆ ಒಂದೊಂದು ಥರ, 18 ದಿನದಿಂದ 254 ದಿನದವರೆಗೂ. ನನಗೆ ಸಮಾಧಾನ ತಂದದ್ದು ಇನ್ನೊಂದು ಅಂಶ. ನಡುವೆ ಒಂದು ದಿನ ತಪ್ಪಿದರೆ ಅಭ್ಯಾಸಕ್ಕೆ ಹೇಳಿಕೊಳ್ಳುವಂಥ ಧಕ್ಕೆಯೇನೂ ಆಗುವುದಿಲ್ಲವಂತೆ.

ರಜೆ ಮುಗಿಸಿ ಬಂದವನು ಸ್ಟೇಷನರಿ ಅಂಗಡಿಯಲ್ಲಿ ಗೆರೆ ಇಲ್ಲದ ಚಿಕ್ಕ ನೋಟ್‌ಬುಕ್ ತಂದೆ. ಬರೆಯೋದು ಪರೀಕ್ಷೆ ಬರೆಯುವ ಬಾಲ್ ಪೆನ್ನಿನಲ್ಲೇ. ನನಗೆ ನಾನೇ ನಾಲ್ಕು ನಿಯಮ ಹಾಕಿಕೊಂಡೆ. ರಾತ್ರಿ ಊಟ ಮುಗಿಸಿ ಬಂದು ತಟ್ಟೆ ಇಟ್ಟ ಮೇಲೆ, ಫೋನ್ ಮುಟ್ಟುವ ಮುಂಚೆ ಬರೆಯಬೇಕು. ಹತ್ತು ನಿಮಿಷ ಮಾತ್ರ. ಹಾಳೆ ಹರಿಯಬಾರದು. ಮೂಲೆಯಲ್ಲಿ ತಾರೀಕು ಹಾಕಬೇಕು. ಎಲ್ಲಿಗೂ ಪೋಸ್ಟ್ ಮಾಡುವುದಿಲ್ಲ ಅಂತಲೂ ತೀರ್ಮಾನಿಸಿದೆ.

ಬರೆಯುವುದಾದರೂ ಏನನ್ನು? ಕಣ್ಣೆದುರು ಇರುವುದನ್ನೇ. ಹಾಗೆ ಶುರುವಾದದ್ದು ಆ ಆನೆ ಕಾಲಿನ ಲೋಟ. ಅದನ್ನು ಐದು ಸಲ ಬರೆದ ಮೇಲೆ ತಪ್ಪು ಗೊತ್ತಾಯಿತು. ಲೋಟದ ಬಾಯಿ ದುಂಡಗಿದೆ ಅಂತ ನನಗೆ ಗೊತ್ತು, ತಳ ನೆಲದ ಮೇಲೆ ಸಮನಾಗಿ ಕೂತಿದೆ ಅಂತಲೂ ಗೊತ್ತು. ಗೊತ್ತಿರುವುದನ್ನು ಬರೆದಿದ್ದೆ, ಕಾಣುತ್ತಿರುವುದನ್ನಲ್ಲ. ಮೇಲಿನಿಂದ ನೋಡುವಾಗ ಬಾಯಿ ಮೊಟ್ಟೆಯಾಕಾರವಾಗಿ ಕಾಣುತ್ತದೆ. ತಳದ ಅಂಚೂ ಬಾಗಿರುತ್ತದೆ, ಬಾಯಿಗಿಂತ ತುಸು ಹೆಚ್ಚೇ. ಐಸೊಮೆಟ್ರಿಕ್‌ನಲ್ಲಿ ವೃತ್ತ ದೀರ್ಘವೃತ್ತವಾಗುತ್ತದೆ ಅಂತ ಪರೀಕ್ಷೆಯಲ್ಲಿ ಮಾಡಿ ಅಂಕ ತೆಗೆದವನಿಗೆ ದಿನಾ ಮೂರು ಹೊತ್ತು ಕೈಯಲ್ಲಿ ಹಿಡಿಯುವ ಲೋಟದಲ್ಲಿ ಅದು ಕಂಡಿರಲಿಲ್ಲ!

ನೋಡುವುದನ್ನು ಕಲಿಸುವ ಎರಡು ಅಭ್ಯಾಸ ತುಂಬ ಉಪಯೋಗಕ್ಕೆ ಬಂದವು. ಒಂದು, ಹಾಳೆ ನೋಡದೇ ಬರೆಯುವುದು. ಕಣ್ಣು ವಸ್ತುವಿನ ಅಂಚಿನ ಮೇಲೆ ಇರುವೆ ಹರಿದಂತೆ ನಿಧಾನ ಸಾಗಬೇಕು, ಪೆನ್ನೂ ಅದೇ ವೇಗದಲ್ಲಿ ಹೋಗಬೇಕು. ಚಿತ್ರ ವಿಚಿತ್ರವಾಗಿ ಬರುತ್ತದೆ. ಆದರೆ ಕಣ್ಣು ಪಳಗುತ್ತದೆ. ಇನ್ನೊಂದು, ವಸ್ತುವಿನ ಬದಲು ಅದರ ಸುತ್ತಲಿನ ಖಾಲಿ ಜಾಗ ಬರೆಯುವುದು. ಪ್ಲಾಸ್ಟಿಕ್ ಕುರ್ಚಿಯ ಕಾಲುಗಳು ಸರಿ ಬರುತ್ತಿರಲಿಲ್ಲ. ಕಾಲುಗಳ ನಡುವಿನ ಬಯಲಿನ ಆಕಾರ ಬರೆದೆ, ಕುರ್ಚಿ ತಾನಾಗಿ ನಿಂತಿತು.

ಬೇಜಾರಾದ ದಿನ ಪುಟ್ಟ ಪುಟ್ಟ ಬೇರೆ ಕೆಲಸ ಮಾಡುತ್ತೇನೆ. ನೋಟ್‌ಬುಕ್ಕಿನ ಹಳೆಯ ರಟ್ಟು ಕತ್ತರಿಸಿ ಬುಕ್‌ಮಾರ್ಕ್. ಬಸ್ ಟಿಕೆಟ್ಟಿನ ಹಿಂಬದಿ ಕಂಡಕ್ಟರ್ ಚೀಲ. ಮೆಸ್ಸಿನ ಟೀಯನ್ನೇ ಬಣ್ಣ ಮಾಡಿಕೊಂಡು ಬ್ರಷ್‌ನಲ್ಲಿ ತೀಡಿದರೆ ಹಳೆಯ ಫೋಟೊದಂಥ ಕಂದು ಬರುತ್ತದೆ. ಒಣಗಿದ ಮೇಲೆ ತಿಳಿಯಾಗುವುದರಿಂದ ಕಪ್ಪಾಗಬೇಕಾದ ಕಡೆ ಮೂರು ನಾಲ್ಕು ಸಲ ಹಚ್ಚಬೇಕು. ಊರಿಗೆ ಹೋಗುವ ಪ್ಯಾಸೆಂಜರ್ ರೈಲಿನಲ್ಲಂತೂ ಹಬ್ಬ. ತುಮಕೂರು ಬಿಟ್ಟು ತಿಪಟೂರು ಬರುವಷ್ಟರಲ್ಲಿ ತೂಕಡಿಸುವ ಮೂರು ತಲೆ, ಸೀಟಿನ ಕೆಳಗಿನ ಚೀಲಗಳು, ಕಿಟಕಿಯಾಚೆಯ ತೆಂಗಿನ ತೋಟ ಪುಟ ಸೇರಿರುತ್ತವೆ. ಒಮ್ಮೆ ಒಬ್ಬರು ಅಜ್ಜಿ ಎಚ್ಚರಾಗಿ ನೋಡಿ, ‘ನನ್ ಮೂಗುತಿ ಬಿಟ್ಟಿದ್ಯಲ್ಲಪ್ಪ’ ಅಂದು ನಿಲ್ಲಿಸಿ ಹಾಕಿಸಿಕೊಂಡರು!

ನಮ್ಮ ಮೈಸೂರಿನ ಆರ್.ಕೆ. ಲಕ್ಷ್ಮಣ್ ಹುಡುಗನಾಗಿದ್ದಾಗ ಕಿಟಕಿಯಿಂದ ಕಂಡ ಒಣಕಡ್ಡಿ, ಎಲೆ, ಸೌದೆ ಸೀಳುವ ಆಳು, ಕಾಗೆ, ಎಲ್ಲವನ್ನೂ ಬರೆಯುತ್ತಿದ್ದರಂತೆ. ಮುಂಬೈನ ಜೆ.ಜೆ. ಕಲಾಶಾಲೆ ಅವರಿಗೆ ಸೀಟು ಕೊಡಲಿಲ್ಲ. ಮಹಾರಾಜ ಕಾಲೇಜಿನಲ್ಲಿ ಬಿ.ಎ. ಓದುತ್ತಲೇ ಬರೆಯುವುದನ್ನು ಮುಂದುವರಿಸಿದರು. 1951ರಿಂದ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಅವರ ‘ಕಾಮನ್ ಮ್ಯಾನ್’ ಓದುಗರ ಬೆಳಗಿನ ಜೊತೆಗಾರನಾಗಿದ್ದ. ನಾನೇನೂ ಲಕ್ಷ್ಮಣ್ ಆಗಲಾರೆ. ಆದರೆ ಕಿಟಕಿ ನನಗೂ ಇದೆ.

ಈಗ ಮೊದಲೇ ಹೇಳಿದ ಆ ಸಂಗತಿಗೆ ಬರುತ್ತೇನೆ. ರೂಮ್‌ಮೇಟ್‌ನ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.

ಕಳೆದ ಮಾರ್ಚ್ ತಿಂಗಳು. ಬರೆಯಲು ಏನೂ ಹೊಳೆಯದ ದಿನ ನನ್ನ ಮಂಚದಿಂದ ಎದುರಿಗೆ ಕಾಣುವ ಅವನ ಟೇಬಲ್ ಬರೆಯುತ್ತಿದ್ದೆ. ಒಂದು ರಾತ್ರಿ ನನ್ನ ಕೈ ಸುಧಾರಿಸಿದೆಯೇ ನೋಡೋಣ ಅಂತ ಪುಟ ತಿರುವಿದೆ. ಹನ್ನೆರಡು ದಿನಗಳಲ್ಲಿ ಆ ಟೇಬಲ್ಲಿನ ನಾಲ್ಕು ಚಿತ್ರಗಳಿದ್ದವು. ನಾಲ್ಕರಲ್ಲೂ ಪುಸ್ತಕ ಅದೇ ಜಾಗದಲ್ಲಿ ತೆರೆದಿತ್ತು. ಅದರ ಮೇಲೆ ಪೆನ್ನು ಅದೇ ಓರೆಯಲ್ಲಿ ಬಿದ್ದಿತ್ತು. ಕ್ಯಾಲ್ಕುಲೇಟರ್ ಕವುಚಿಕೊಂಡೇ ಇತ್ತು. ಅವರಮ್ಮ ಕಳಿಸಿದ್ದ ನಿಪ್ಪಟ್ಟಿನ ಡಬ್ಬಿಗೆ ಕಟ್ಟಿದ್ದ ರಬ್ಬರ್ ಬ್ಯಾಂಡ್ ಬಿಚ್ಚಿಯೇ ಇರಲಿಲ್ಲ. ಊರಿನ ತಿಂಡಿ ಬಂದರೆ ಎರಡು ದಿನ ಉಳಿಸದ ಹುಡುಗ ಅವನು.

ನಾನೇ ಸೋಮಾರಿತನಕ್ಕೆ ಹಿಂದಿನ ಚಿತ್ರವನ್ನೇ ನಕಲು ಮಾಡಿಬಿಟ್ಟಿದ್ದೇನೇನೋ ಅನ್ನಿಸಿತು. ತಲೆ ಎತ್ತಿ ಟೇಬಲ್ ನೋಡಿದೆ. ಎಲ್ಲವೂ ಹಾಗೆಯೇ ಇತ್ತು, ಪುಸ್ತಕದ ಮೇಲೆ ಧೂಳು ಕೂತಿತ್ತು. ಅವನು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ.

‘ನಿದ್ದೆ ಬಂತೇನೋ?’ ಅಂದೆ.

‘ಇಲ್ಲ.’

‘ನಿಪ್ಪಟ್ಟು ಯಾಕೋ ತಿಂದಿಲ್ಲ?’

ಸ್ವಲ್ಪ ಹೊತ್ತು ಉತ್ತರ ಬರಲಿಲ್ಲ. ಆಮೇಲೆ ಅಳು ಕೇಳಿಸಿತು. ರಾತ್ರಿ ಎರಡರವರೆಗೆ ಮಾತಾಡಿದ. ಮೂರನೇ ಸೆಮಿಸ್ಟರ್‌ನಲ್ಲಿ ಮೂರು ವಿಷಯ ಹೋಗಿತ್ತು. ಮನೆಯಲ್ಲಿ ಎಲ್ಲ ಪಾಸು ಅಂದಿದ್ದ. ಅವರಪ್ಪ ಫೀಸಿಗೆ ಬಡ್ಡಿ ಸಾಲ ತಂದಿದ್ದರು. ಅವನದು ಬೇರೆ ಬ್ರಾಂಚ್. ಬೆಳಿಗ್ಗೆ ನನ್ನ ಜೊತೆಯೇ ಹೊರಟು, ನಾನು ಕ್ಲಾಸಿಗೆ ಹೋದ ಮೇಲೆ ವಾಪಸು ಬಂದು ಮಲಗುತ್ತಿದ್ದನಂತೆ, ಎರಡು ವಾರದಿಂದ. ಅವತ್ತು ಅವನು ಆಡಿದ ಇನ್ನೂ ಕೆಲವು ಮಾತುಗಳನ್ನು ಇಲ್ಲಿ ಬರೆಯಲಾರೆ. ಅವನ್ನು ಕೇಳಿದ ಮೇಲೆ ನನಗೆ ನಿದ್ದೆ ಬರಲಿಲ್ಲ.

ಬೆಳಿಗ್ಗೆ ಇಬ್ಬರೂ ಅವನ ಮೆಂಟರ್ ಮೇಡಂ ಹತ್ತಿರ ಹೋದೆವು. ಅವರು ಕೌನ್ಸೆಲರ್ ಹತ್ತಿರ ಕರೆದೊಯ್ದರು. ಸಂಜೆ ನನ್ನ ಫೋನಿನಿಂದಲೇ ಅವರಪ್ಪನಿಗೆ ಕರೆ ಮಾಡಿ ನಿಜ ಹೇಳಿದ. ಆ ಕಡೆ ಬಹಳ ಹೊತ್ತು ಮೌನ. ಬೈಗುಳ ಬರುತ್ತದೆ ಅಂತ ಇಬ್ಬರೂ ಕಾಯುತ್ತಿದ್ದೆವು. ಕೊನೆಗೆ ಅವರು ಕೇಳಿದ್ದು ಒಂದೇ ಮಾತು, ‘ಊಟ ಮಾಡಿದ್ಯೇನಪ್ಪ?’

ಆಮೇಲೆ ಪವಾಡವೇನೂ ನಡೆಯಲಿಲ್ಲ. ಎರಡು ವಿಷಯ ಕ್ಲಿಯರ್ ಮಾಡಿದ್ದಾನೆ, ಒಂದು ಇನ್ನೂ ಬಾಕಿ ಇದೆ. ಕೌನ್ಸೆಲರ್ ಹತ್ತಿರ ಹೋಗುತ್ತಾನೆ. ನಿಪ್ಪಟ್ಟು ಮೊದಲಿನಂತೆ ಎರಡೇ ದಿನದಲ್ಲಿ ಖಾಲಿಯಾಗುತ್ತದೆ.

ಒಂದೇ ಕೋಣೆಯಲ್ಲಿ, ಆರಡಿ ದೂರದಲ್ಲಿ ಮಲಗುವ ನನಗೆ ಅವನ ಸ್ಥಿತಿ ತಿಳಿದಿರಲಿಲ್ಲ. ದಿನಾ ನೋಡುತ್ತಿದ್ದೆ, ದಿನಾ ‘ಏನ್ ಮಗಾ’ ಅನ್ನುತ್ತಿದ್ದೆ. ಯಾವುದೋ ಒಂದು ದಿನದ ಚಿತ್ರ ನೋಡಿದ್ದರೂ ಗೊತ್ತಾಗುತ್ತಿರಲಿಲ್ಲ. ತಾರೀಕು ಹಾಕಿದ ನಾಲ್ಕು ಕೆಟ್ಟ ಚಿತ್ರಗಳು ಪಕ್ಕಪಕ್ಕ ಬಂದದ್ದರಿಂದ ಗೊತ್ತಾಯಿತು. ಅವು ಚೆನ್ನಾಗಿ ಬಂದಿಲ್ಲ ಅಂತ ಹರಿದು ಹಾಕಿದ್ದರೆ?

ನಿಮ್ಮ ಸುತ್ತಲೂ ಹೀಗೆ ಡಬ್ಬಿ ಬಿಚ್ಚದವರು ಇರಬಹುದು. ದಯವಿಟ್ಟು ಕೇಳಿ. ನೀವೇ ಆ ಸ್ಥಿತಿಯಲ್ಲಿದ್ದರೆ ಯಾರಿಗಾದರೂ ಹೇಳಿ. ಸರ್ಕಾರದ ‘ಟೆಲಿ ಮನಸ್’ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ಚಿತ್ರ ಬರೆದರೆ ಪ್ಲೇಸ್‌ಮೆಂಟ್ ಆಗುತ್ತದೆ ಅಂತ ನಾನು ಹೇಳುವುದಿಲ್ಲ. ರೆಸ್ಯೂಮೆಯಲ್ಲಿ ಹಾಬಿ ಅಂತ ಒಂದು ಸಾಲು ಸೇರುತ್ತದೆ, ಅಷ್ಟೇ. ಆದರೆ ಕೆಲಸ ಹುಡುಕುತ್ತಾ, ಇಡೀ ದಿನ ಬೇರೆಯವರ ಕೈಯಲ್ಲಿ ಅಂಕ ಹಾಕಿಸಿಕೊಳ್ಳುವ ನಮ್ಮಂಥವರಿಗೆ ಯಾರೂ ಅಂಕ ಹಾಕದ ಹತ್ತು ನಿಮಿಷ ಬೇಕು. ಶುರು ಮಾಡುವುದಾದರೆ ದುಬಾರಿ ಸಾಮಾನು ಕೊಳ್ಳಬೇಡಿ. ದಿನಾ ಹೇಗೂ ಮಾಡುವ ಒಂದು ಕೆಲಸದ ಬೆನ್ನಿಗೆ ಇದನ್ನು ಕಟ್ಟಿ. ತಪ್ಪಿದ ದಿನದ ಸಾಲ ಮರುದಿನಕ್ಕೆ ಹೊರಿಸಬೇಡಿ. ನನಗೂ ಈ ಹನ್ನೊಂದು ತಿಂಗಳಲ್ಲಿ ನಲವತ್ತಕ್ಕೂ ಹೆಚ್ಚು ದಿನ ತಪ್ಪಿದೆ.

ಈಗ ಮತ್ತೆ ಅಕ್ಟೋಬರ್. ಇಂಕ್ಟೋಬರ್ ಗೊಡವೆಗೆ ಈ ಸಲ ಹೋಗಿಲ್ಲ. ನಿನ್ನೆ ರಾತ್ರಿ ಮತ್ತೆ ಮೆಸ್ಸಿನ ಲೋಟ ಬರೆದೆ. ರೂಮ್‌ಮೇಟ್ ಬಗ್ಗಿ ನೋಡಿ, ಗಂಭೀರವಾಗಿ ತಲೆಯಾಡಿಸಿ ಹೇಳಿದ:

‘ಪರವಾಗಿಲ್ಲ ಮಗಾ, ಆನೆ ಸ್ವಲ್ಪ ಸಣ್ಣ ಆಗಿದೆ.’