ಮಧುಗಿರಿ ಉಪವಿಭಾಗದ ಬೆಟ್ಟದ ರಸ್ತೆಗಳಲ್ಲಿ ಸಾಮೂಹಿಕ ಮೋಟಾರ್ ಸೈಕಲ್ ಸವಾರಿ: ಸವಾರರು ತಿಳಿದಿರಬೇಕಾದ ಅಂಶಗಳು

ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳ ವಾಹನಗಳು ಮಧುಗಿರಿಯ ಸಹಾಯಕ ಪ್ರಾದೇಶಿಕ ಸಾರಿಗೆ ಅಧಿಕಾರಿಗಳ ಕಚೇರಿಯಲ್ಲಿ ಕೆಎ-64 ಸರಣಿಯಡಿ ನೋಂದಣಿಯಾಗುತ್ತವೆ. ಮಧುಗಿರಿಯ ಏಕಶಿಲಾ ಬೆಟ್ಟ, ಚನ್ನರಾಯನದುರ್ಗ, ಸಿದ್ಧರಬೆಟ್ಟ, ಮಿಡಿಗೇಶಿ ಹಾಗೂ ಪಾವಗಡದ ಕೋಟೆಗಳನ್ನು ನೋಡಲು ಶನಿವಾರ, ಭಾನುವಾರಗಳಂದು ಹತ್ತಾರು ಮೋಟಾರ್ ಸೈಕಲ್‌ಗಳಲ್ಲಿ ಗುಂಪಾಗಿ ಬರುವವರಿದ್ದಾರೆ. ಸ್ಥಳೀಯ ಯುವಕರೂ ಇಂತಹ ಸವಾರಿಗಳನ್ನು ಏರ್ಪಡಿಸುತ್ತಾರೆ. ಅಂತಹವರ ಮಾಹಿತಿಗಾಗಿ ಈ ವಿವರಣೆಯನ್ನು ನೀಡಲಾಗಿದೆ.

ಅನುಮತಿ ಬೇಕೇ?

ಸಾರ್ವಜನಿಕ ರಸ್ತೆಯಲ್ಲಿ ಗುಂಪಾಗಿ ಸಂಚರಿಸುವುದಕ್ಕೆಂದು ಮೋಟಾರು ವಾಹನಗಳ ಅಧಿನಿಯಮ, 1988ರಲ್ಲಿ ಪ್ರತ್ಯೇಕ ಪರವಾನಗಿ ಇಲ್ಲ. ಅಧಿನಿಯಮದ ದೃಷ್ಟಿಯಲ್ಲಿ ಗುಂಪು ಎಂಬುದೇ ಇರುವುದಿಲ್ಲ. ಇರುವುದು ಒಬ್ಬೊಬ್ಬ ಸವಾರ ಮತ್ತು ಆತನ ವಾಹನ. ಮುಂದಿರುವವನು ಅನುಭವಿ ಎಂಬ ಕಾರಣಕ್ಕೆ ಹಿಂದಿರುವವನ ಹೊಣೆ ಕಡಿಮೆಯಾಗುವುದಿಲ್ಲ.

ಆದರೆ ಸವಾರಿಯು ಪೈಪೋಟಿಗೆ ತಿರುಗಿದ ಕ್ಷಣದಿಂದ ಸಂಗತಿ ಬೇರೆಯಾಗುತ್ತದೆ. ರಾಜ್ಯ ಸರ್ಕಾರದ ಲಿಖಿತ ಒಪ್ಪಿಗೆಯಿಲ್ಲದೆ ಸಾರ್ವಜನಿಕ ಸ್ಥಳದಲ್ಲಿ ಯಾವುದೇ ಬಗೆಯ ವೇಗಪಂದ್ಯದಲ್ಲಿ ಭಾಗವಹಿಸುವುದು ಕಲಂ 189ರ ಪ್ರಕಾರ ಅಪರಾಧ. ಮೊದಲ ಬಾರಿಗೆ ಮೂರು ತಿಂಗಳವರೆಗೆ ಸೆರೆವಾಸ ಅಥವಾ 5,000 ರೂ. ವರೆಗೆ ದಂಡ ಅಥವಾ ಎರಡನ್ನೂ, ಎರಡನೆಯ ಬಾರಿಗೆ ಒಂದು ವರ್ಷದವರೆಗೆ ಸೆರೆವಾಸ ಅಥವಾ 10,000 ರೂ. ವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದಾಗಿದೆ. ಬಹುಮಾನ ಇಟ್ಟರೆ ಮಾತ್ರ ಪಂದ್ಯ ಎಂಬ ತಿಳಿವಳಿಕೆ ತಪ್ಪು. ಬೆಟ್ಟದ ಬುಡಕ್ಕೆ ಯಾರು ಮೊದಲು ತಲುಪುತ್ತಾರೆಂದು ಸ್ನೇಹಿತರು ನೋಡಿಕೊಳ್ಳುವುದೂ ಪಂದ್ಯವೇ.

ಚಾಲನಾ ಅನುಜ್ಞಾ ಪತ್ರ

ಗೇರ್ ರಹಿತ ವಾಹನಕ್ಕೆ ಮಾತ್ರ ಅನುಜ್ಞಾ ಪತ್ರ ಪಡೆದವರು ಗೇರ್ ಸಹಿತ ಮೋಟಾರ್ ಸೈಕಲ್ ಓಡಿಸುವಂತಿಲ್ಲ. ಅವರು ಆ ವರ್ಗವನ್ನು ಸೇರಿಸಲು ಕಲಿಕಾ ಅನುಜ್ಞಾ ಪತ್ರ ಪಡೆದು, ಕನಿಷ್ಠ 30 ದಿನಗಳ ನಂತರ ಹಾಗೂ ಆರು ತಿಂಗಳೊಳಗೆ ಚಾಲನಾ ಪರೀಕ್ಷೆಗೆ ಹಾಜರಾಗತಕ್ಕದ್ದು. ಮುಂದಿನ ಭಾನುವಾರದ ಸವಾರಿಗೆಂದು ಈ ವಾರ ಅರ್ಜಿ ಹಾಕಿದರೆ ಪ್ರಯೋಜನವಿಲ್ಲ. ಅವಧಿ ಮುಗಿದ ನಂತರ ದೊರೆಯುತ್ತಿದ್ದ 30 ದಿನಗಳ ರಿಯಾಯಿತಿಯನ್ನು 2019ರ ತಿದ್ದುಪಡಿಯಲ್ಲಿ ತೆಗೆದುಹಾಕಲಾಗಿದೆ; ಅವಧಿ ತೀರಿ ಒಂದು ವರ್ಷ ಕಳೆದರೆ ಮತ್ತೆ ಚಾಲನಾ ಪರೀಕ್ಷೆ ಎದುರಿಸಬೇಕಾಗುತ್ತದೆ.

ಮನೆಯ ಬಾಲಕನ ಕೈಗೆ ವಾಹನ ಕೊಟ್ಟು ಗುಂಪಿನೊಂದಿಗೆ ಕಳುಹಿಸುವ ಪೋಷಕರು ಕಲಂ 199ಎ ಅನ್ನು ಗಮನಿಸತಕ್ಕದ್ದು. ಅಪ್ರಾಪ್ತ ವಯಸ್ಕನು ಎಸಗಿದ ಅಪರಾಧಕ್ಕೆ ಪೋಷಕರಿಗೆ ಅಥವಾ ವಾಹನದ ಮಾಲೀಕರಿಗೆ ಮೂರು ವರ್ಷಗಳವರೆಗೆ ಸೆರೆವಾಸ ಹಾಗೂ 25,000 ರೂ. ದಂಡ, ವಾಹನದ ನೋಂದಣಿ 12 ತಿಂಗಳು ರದ್ದು.

ಹಿಂಬದಿ ಸವಾರ ಮತ್ತು ವಿಮೆ

ಹೆಚ್ಚಿನವರು ಕಡೆಗಣಿಸುವ ವಿಷಯ ಇದು. ಕಾನೂನು ಕಡ್ಡಾಯಗೊಳಿಸಿರುವ ಮೂರನೇ ವ್ಯಕ್ತಿ ವಿಮೆಯೊಂದನ್ನೇ ಮಾಡಿಸಿದ್ದರೆ, ಹಿಂದೆ ಕುಳಿತ ಸ್ನೇಹಿತನಿಗೋ ಪತ್ನಿಗೋ ಪೆಟ್ಟಾದಾಗ ವಿಮಾ ಕಂಪನಿಯಿಂದ ಪರಿಹಾರ ದೊರೆಯುವುದಿಲ್ಲ. ಮೋಟಾರ್ ಸೈಕಲ್‌ನ ಹಿಂಬದಿ ಸವಾರನು ಈ ವಿಮೆಯ ವ್ಯಾಪ್ತಿಗೆ ಬರುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2006ರಲ್ಲಿ ತೀರ್ಪು ನೀಡಿದೆ. ಆಗ ಪರಿಹಾರದ ಹೊರೆ ವಾಹನದ ಮಾಲೀಕರ ಹಾಗೂ ಸವಾರರ ಮೇಲೆಯೇ ಬೀಳಬಹುದು. ಆದ್ದರಿಂದ ಇಬ್ಬರು ಹೊರಡುವ ಮುನ್ನ ಪಾಲಿಸಿಯು ಸಮಗ್ರ (ಪ್ಯಾಕೇಜ್) ವಿಮೆಯೇ ಎಂಬುದನ್ನು ಖಚಿತಪಡಿಸಿಕೊಳ್ಳುವುದು ಒಳ್ಳೆಯದು. ವಿಮೆ ಚಾಲ್ತಿಯಲ್ಲಿದೆ ಎಂದು ಮಾತ್ರ ನೋಡಿ ಹೊರಡುವುದು ಸಾಲದು.

ಪರಿಚಯಸ್ಥರಿಂದ ಬಿಳಿ ಫಲಕದ ಖಾಸಗಿ ವಾಹನವನ್ನು ಬಾಡಿಗೆಗೆ ಪಡೆದವರಿಗೂ ಇಂತಹದೇ ತೊಂದರೆ ಎದುರಾಗಬಹುದು. ಪರವಾನಗಿ ಪಡೆದ ಬಾಡಿಗೆ ಮೋಟಾರ್ ಸೈಕಲ್‌ಗೆ ಕಪ್ಪು ಫಲಕದ ಮೇಲೆ ಹಳದಿ ಅಕ್ಷರಗಳಿರುತ್ತವೆ.

ಹೆಲ್ಮೆಟ್ ಸವಾರ ಮತ್ತು ಹಿಂಬದಿ ಸವಾರ ಇಬ್ಬರಿಗೂ ಕಡ್ಡಾಯ. ಸೈಲೆನ್ಸರ್ ಬದಲಿಸಿ ಶಬ್ದ ಹೆಚ್ಚಿಸಿಕೊಂಡವರು ಕಲಂ 182ಎ(4)ರಡಿ ಶಿಕ್ಷೆಗೆ ಗುರಿಯಾಗಬಹುದು. ದಾಖಲೆಗಳನ್ನು ಡಿಜಿಲಾಕರ್ ಅಥವಾ ಎಂ-ಪರಿವಾಹನ್ ಮೂಲಕ ಮೊಬೈಲ್‌ನಲ್ಲಿ ತೋರಿಸಿದರೂ ಮಾನ್ಯ.

ರಸ್ತೆಯ ಸ್ವರೂಪ

ಪಶ್ಚಿಮ ಘಟ್ಟದಂತಹ ಆಳವಾದ ಕಣಿವೆಗಳು ಇಲ್ಲಿಲ್ಲ. ಬಯಲು ಸೀಮೆಯ ನೇರ ರಸ್ತೆಯು ಬಂಡೆಗುಡ್ಡದ ಬಳಿ ಒಮ್ಮೆಗೇ ತಿರುಗುತ್ತದೆ; ಅಪಾಯವಿರುವುದು ಅಲ್ಲಿ. ನೇರ ದಾರಿಯಲ್ಲಿ ಹೆಚ್ಚಿಸಿಕೊಂಡ ವೇಗವನ್ನು ತಿರುವಿನೊಳಗೆ ಹೋದ ಮೇಲೆ ತಗ್ಗಿಸಲು ಹೋದರೆ ಚಕ್ರ ಜಾರುತ್ತದೆ. ತಿರುವಿಗೆ ಮುಂಚೆಯೇ ಬ್ರೇಕ್ ಹಿಡಿದು ಗೇರ್ ಇಳಿಸಿಕೊಳ್ಳತಕ್ಕದ್ದು. ಇಳಿಜಾರಿನಲ್ಲಿ ಇಂಧನ ಉಳಿಸಲೆಂದು ಇಂಜಿನ್ ನಿಲ್ಲಿಸಬಾರದು. ಇಂಜಿನ್‌ನ ತಡೆ ಇಲ್ಲವಾಗಿ ಪೂರ್ತಿ ಭಾರ ಬ್ರೇಕ್‌ಗಳ ಮೇಲೆ ಬೀಳುತ್ತದೆ. ಕಿರಿದಾದ ಕಡಿದಾದ ರಸ್ತೆಯಲ್ಲಿ ಏರುತ್ತಿರುವ ವಾಹನಕ್ಕೆ ಇಳಿಯುವವರು ದಾರಿ ಬಿಡತಕ್ಕದ್ದು.

ಗುಂಪಿನಲ್ಲಿ ಎಡ, ಬಲ ಎಂದು ಹಿಂದೆ ಮುಂದೆ ಸರಿದು ಸಾಗುವುದು ನೇರ ರಸ್ತೆಗೆ ಸರಿ. ತಿರುವುಗಳಲ್ಲಿ ಒಬ್ಬರ ಹಿಂದೆ ಒಬ್ಬರಂತೆ ಒಂದೇ ಸಾಲಿನಲ್ಲಿ ಹೋಗಬೇಕು. ಮುಂದಿನವನು ಲಾರಿಯನ್ನು ಹಿಂದಿಕ್ಕಿದನೆಂದು ಹಿಂದಿನವನೂ ನುಗ್ಗಬಾರದು. ಆತನು ಕಂಡ ಖಾಲಿ ರಸ್ತೆ ಇವನ ಸರದಿ ಬರುವಷ್ಟರಲ್ಲಿ ಖಾಲಿಯಾಗಿ ಉಳಿದಿರುವುದಿಲ್ಲ. ಅತ್ಯಂತ ಹೊಸ ಸವಾರನ ವೇಗವೇ ಗುಂಪಿನ ವೇಗವಾಗಿದ್ದರೆ ಯಾರೂ ಹಿಂದುಳಿದು, ಮತ್ತೆ ಸೇರಿಕೊಳ್ಳಲು ಧಾವಿಸಬೇಕಾಗುವುದಿಲ್ಲ.

ಸುಗ್ಗಿಯ ದಿನಗಳಲ್ಲಿ ರಾಗಿ, ಹುರುಳಿ ಮುಂತಾದವನ್ನು ಒಕ್ಕಣೆಗಾಗಿ ಡಾಂಬರು ರಸ್ತೆಯ ಮೇಲೆ ಹರಡುವುದುಂಟು. ರೈತರು ಹೀಗೆ ಮಾಡಬಾರದೆಂಬುದು ನಿಜ. ಆದರೆ ಒಣ ಹುಲ್ಲಿನ ಮೇಲೆ ಬ್ರೇಕ್ ಹಾಕಿದ ಮೋಟಾರ್ ಸೈಕಲ್‌ಗೆ ಹಿಡಿತವಿರುವುದಿಲ್ಲ ಎಂಬುದೂ ಅಷ್ಟೇ ನಿಜ. ದೂರದಿಂದಲೇ ವೇಗ ತಗ್ಗಿಸಿ, ವಾಹನವನ್ನು ವಾಲಿಸದೆ ನಿಧಾನವಾಗಿ ದಾಟಬೇಕು. ಬೆಳಿಗ್ಗೆ ಮತ್ತು ಸಂಜೆ ಕುರಿಮಂದೆಗಳು ಎದುರಾಗುತ್ತವೆ; ಹಾರ್ನ್ ಮಾಡಿದರೆ ಮಂದೆ ಚದುರುವುದರಿಂದ ನಿಂತು ಕಾಯುವುದೇ ಉತ್ತಮ. ಶಿರಾ ತಾಲ್ಲೂಕಿನ ಬುಕ್ಕಾಪಟ್ಟಣದ ಅರಣ್ಯವನ್ನು 2019ರಲ್ಲಿ ಚಿಂಕಾರ ವನ್ಯಜೀವಿಧಾಮವೆಂದು ಘೋಷಿಸಲಾಗಿದೆ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿ ಕೃಷ್ಣಮೃಗಗಳಿವೆ. ಈ ಭಾಗಗಳಲ್ಲಿ ಕತ್ತಲಾದ ನಂತರ ಸವಾರಿ ಬೇಡ.

ಪಾವಗಡ ತಾಲ್ಲೂಕಿನ ಬಹುಭಾಗವನ್ನು ಆಂಧ್ರ ಪ್ರದೇಶ ಸುತ್ತುವರಿದಿರುವುದರಿಂದ ಸವಾರರು ತಿಳಿಯದೆಯೇ ಗಡಿ ದಾಟುವುದುಂಟು. ಅನುಜ್ಞಾ ಪತ್ರ, ನೋಂದಣಿ ಹಾಗೂ ವಿಮೆ ದೇಶದಾದ್ಯಂತ ಮಾನ್ಯವಾಗಿರುವುದರಿಂದ ಆತಂಕ ಬೇಡ.

ಅಪಘಾತವಾದಲ್ಲಿ

ಉಳಿದ ಸವಾರರು ವಾಹನಗಳನ್ನು ತಿರುವಿನಿಂದಾಚೆ ನಿಲ್ಲಿಸಿ, ಎರಡೂ ದಿಕ್ಕಿನಲ್ಲಿ ಒಬ್ಬೊಬ್ಬರು ಮುಂದೆ ಹೋಗಿ ಬರುವ ವಾಹನಗಳಿಗೆ ಸೂಚನೆ ನೀಡಬೇಕು. 108 ಅಥವಾ 112ಕ್ಕೆ ಕರೆ ಮಾಡಿ ಊರಿನ ಹೆಸರನ್ನೂ ಹತ್ತಿರದ ಕಿಲೋಮೀಟರ್ ಕಲ್ಲಿನ ಸಂಖ್ಯೆಯನ್ನೂ ತಿಳಿಸಬೇಕು. ಗಾಯಾಳುವಿಗೆ ನೆರವಾದ ದಾರಿಹೋಕರಿಗೆ ಕಲಂ 134ಎ ರಕ್ಷಣೆ ನೀಡುತ್ತದೆ. ಹೆಸರು, ವಿಳಾಸ ತಿಳಿಸುವಂತೆ ಅವರನ್ನು ಒತ್ತಾಯಿಸುವಂತಿಲ್ಲ. ಕೇಂದ್ರ ಸರ್ಕಾರದ 2025ರ ಯೋಜನೆಯಂತೆ ಗಾಯಾಳುವಿಗೆ ಗೊತ್ತುಪಡಿಸಿದ ಆಸ್ಪತ್ರೆಯಲ್ಲಿ ಅಪಘಾತದ ದಿನದಿಂದ ಏಳು ದಿನಗಳವರೆಗೆ, 1.5 ಲಕ್ಷ ರೂ. ಮಿತಿಯೊಳಗೆ ನಗದುರಹಿತ ಚಿಕಿತ್ಸೆ ದೊರೆಯುತ್ತದೆ.

ಕಲಿಕಾ ಅನುಜ್ಞಾ ಪತ್ರ, ಹೆಚ್ಚುವರಿ ವರ್ಗದ ಸೇರ್ಪಡೆ ಹಾಗೂ ನವೀಕರಣಕ್ಕೆ ಸಾರಥಿ ಜಾಲತಾಣದಲ್ಲಿ ಅರ್ಜಿ ಸಲ್ಲಿಸಬಹುದು. ಚಾಲನಾ ಪರೀಕ್ಷೆಗೆ ನಿಗದಿತ ದಿನದಂದು ಮೂಲ ದಾಖಲೆಗಳೊಂದಿಗೆ, ಆಯಾ ವರ್ಗದ ವಾಹನವನ್ನು ತಂದು ಹಾಜರಾಗತಕ್ಕದ್ದು.