ಎರಡು ನಿಮಿಷದ ದೃಶ್ಯಕ್ಕೆ ಎರಡು ವಾರದ ಸಿದ್ಧತೆ

ಕಾಲೇಜಿನ ಸ್ಪರ್ಧೆಗಾಗಲಿ, ಧರ್ಮಕೇಂದ್ರದ ಯುವಜನರ ಕಾರ್ಯಕ್ರಮಕ್ಕಾಗಲಿ ಒಂದು ಕಿರುಚಿತ್ರ ಮಾಡಬೇಕೆಂಬ ಆಸೆ ಇಂದು ಅನೇಕ ವಿದ್ಯಾರ್ಥಿಗಳಲ್ಲಿದೆ. ಕ್ಯಾಮೆರಾ ಎಲ್ಲರ ಕಿಸೆಯಲ್ಲೂ ಇದೆ. ಆದರೂ ಎಷ್ಟೋ ಪ್ರಯತ್ನಗಳು ಅರ್ಧದಲ್ಲೇ ನಿಲ್ಲುತ್ತವೆ. ಮುಗಿದವುಗಳಲ್ಲಿಯೂ ಕೆಲವೊಮ್ಮೆ ಮಾತು ಕೇಳಿಸುವುದಿಲ್ಲ, ಒಂದು ತುಣುಕಿಗೆ ಇನ್ನೊಂದು ಕೂಡುವುದಿಲ್ಲ. ಇದಕ್ಕೆ ಕಾರಣ ಪ್ರತಿಭೆಯ ಕೊರತೆಯಲ್ಲ, ಸಿದ್ಧತೆಯ ಕೊರತೆ. ಒಂದೇ ಒಂದು ದೃಶ್ಯವನ್ನು ಉದಾಹರಣೆಯಾಗಿ ಇಟ್ಟುಕೊಂಡು ಈ ಸಿದ್ಧತೆ ಹೇಗಿರಬೇಕೆಂದು ನೋಡೋಣ.

ದೃಶ್ಯ ಹೀಗಿದೆ: ಉಡುಪಿ ಜಿಲ್ಲೆಯ ಶಂಕರಪುರದ ಕಡೆಯ ಒಂದು ಮನೆ. ಬೆಳಗಿನ ಹೊತ್ತು. ತಾಯಿ ಜಗಲಿಯಲ್ಲಿ ಕುಳಿತು ಬಾಳೆ ನಾರಿನಲ್ಲಿ ಮಲ್ಲಿಗೆ ಕಟ್ಟುತ್ತಿದ್ದಾಳೆ. ಮಗ ಚೀಲ ಹೆಗಲಿಗೇರಿಸಿ ಕಾಲೇಜಿಗೆ ಹೊರಟಿದ್ದಾನೆ. “ಅಮ್ಮಾ, ಫೀಸಿಗೆ ದುಡ್ಡು ಉಂಟಾ?” “ಉಂಟು. ಡಬ್ಬಿಯಲ್ಲಿ ಇಟ್ಟಿದ್ದೇನೆ.” ಆಗ ಮಗನ ಕಣ್ಣು ತಾಯಿಯ ಬರಿದಾದ ಕಿವಿಯ ಮೇಲೆ ಬೀಳುತ್ತದೆ. ಅವನು ಏನೂ ಹೇಳದೆ ಚೀಲ ಇಳಿಸಿ, ಪಕ್ಕದಲ್ಲಿ ಕುಳಿತು ಹೂವು ಕಟ್ಟತೊಡಗುತ್ತಾನೆ.

ಏನು ಬದಲಾಯಿತು?

ಬರೆಯುವಾಗ ಕೇಳಬೇಕಾದ ಮೊದಲ ಪ್ರಶ್ನೆ ಇದು. ದೃಶ್ಯದ ಆರಂಭದಲ್ಲಿ ಹೊರಟು ನಿಂತಿದ್ದವನು ಕೊನೆಯಲ್ಲಿ ಕುಳಿತಿದ್ದಾನೆ. ಈ ಬದಲಾವಣೆಯೇ ದೃಶ್ಯ. “ನನಗಾಗಿ ಬೆಂಡೋಲೆ ಅಡವಿಟ್ಟೆಯಾ ಅಮ್ಮಾ” ಎಂದು ಮಗನಿಂದ ಹೇಳಿಸಿದರೆ ನೋಡುವವರಿಗೆ ಕಂಡುಕೊಳ್ಳಲು ಏನೂ ಉಳಿಯುವುದಿಲ್ಲ. ಸಾಮಾನ್ಯವಾಗಿ ಚಿತ್ರಕಥೆಯ ಒಂದು ಪುಟ ಪರದೆಯ ಮೇಲೆ ಒಂದು ನಿಮಿಷವಾಗುತ್ತದೆ ಎಂಬ ಲೆಕ್ಕವಿದೆ. ಆದ್ದರಿಂದ ಈ ದೃಶ್ಯ ಎರಡು ಪುಟ ಮೀರಬಾರದು.

ಮೊದಲು ಸ್ಥಳಕ್ಕೆ ಹೋಗಿ ಬನ್ನಿ

ಚಿತ್ರೀಕರಣ ಯಾವ ಹೊತ್ತಿಗೋ ಅದೇ ಹೊತ್ತಿಗೆ ಒಮ್ಮೆ ಆ ಮನೆಗೆ ಹೋಗಬೇಕು. ಬಿಸಿಲು ಯಾವ ಕಡೆಯಿಂದ ಬೀಳುತ್ತದೆ, ರಸ್ತೆಯ ಬಸ್ಸಿನ ಸದ್ದು ಎಷ್ಟು, ಮನೆಯವರ ಕೆಲಸ ಯಾವಾಗ ಮುಗಿಯುತ್ತದೆ ಎಂದು ಬರೆದುಕೊಳ್ಳಬೇಕು. ಜೂನ್‌ನಿಂದ ಸೆಪ್ಟೆಂಬರ್ ತನಕ ಹೆಂಚಿನ ಮಾಡಿನ ಮೇಲೆ ಮಳೆ ಬಿದ್ದರೆ ಸಂಭಾಷಣೆ ಕೇಳಿಸುವುದೇ ಇಲ್ಲ. ಹಾಗಾಗಿ ಬದಲಿ ದಿನವೊಂದು ಮೊದಲೇ ನಿಗದಿಯಾಗಿರಲಿ.

ಶಾಟ್ ಪಟ್ಟಿ

ನಮ್ಮ ದೃಶ್ಯಕ್ಕೆ ಏಳು ಶಾಟ್ ಸಾಕು:

1. ದೂರದಿಂದ ಇಡೀ ಜಗಲಿ
2. ನಾರು ಸುತ್ತುವ ಬೆರಳುಗಳು
3. ಪ್ರಶ್ನೆ ಕೇಳುವ ಮಗ
4. ತಲೆ ಎತ್ತದೆ ಉತ್ತರಿಸುವ ತಾಯಿ
5. ಬರಿದಾದ ಕಿವಿ
6. ಮಗನ ಮುಖ
7. ಮತ್ತೆ ದೂರದಿಂದ, ಮಗ ಕುಳಿತುಕೊಳ್ಳುತ್ತಾನೆ

ಪ್ರತಿಯೊಂದಕ್ಕೂ ಸಣ್ಣದೊಂದು ಚಿತ್ರ ಬಿಡಿಸಿ. ಚಿತ್ರಕಲೆ ಬಾರದಿದ್ದರೂ ಅಡ್ಡಿಯಿಲ್ಲ, ಕಡ್ಡಿ ಗೊಂಬೆಗಳು ಸಾಕು. ಬಳಿಕ ತಾಯಿ ಮತ್ತು ಮಗನ ನಡುವೆ ನೆಲದ ಮೇಲೆ ಒಂದು ಗೆರೆ ಇದೆಯೆಂದು ಭಾವಿಸಿ. ಕ್ಯಾಮೆರಾ ಯಾವಾಗಲೂ ಆ ಗೆರೆಯ ಒಂದೇ ಬದಿಯಲ್ಲಿರಬೇಕು. ಆಗ ತಾಯಿ ಬಲಕ್ಕೂ ಮಗ ಎಡಕ್ಕೂ ನೋಡುತ್ತಾ ಪರಸ್ಪರ ಮಾತನಾಡುವಂತೆ ಕಾಣುತ್ತದೆ. ಗೆರೆ ದಾಟಿದರೆ ಇಬ್ಬರೂ ಒಂದೇ ಕಡೆ ನೋಡಿದಂತಾಗಿ ನೋಡುಗರು ಗೊಂದಲಕ್ಕೊಳಗಾಗುತ್ತಾರೆ.

ಚಿತ್ರೀಕರಿಸುವ ಕ್ರಮ ಕಥೆಯ ಕ್ರಮದಂತೆ ಇರಬೇಕಾಗಿಲ್ಲ. 1 ಮತ್ತು 7ಕ್ಕೆ ಕ್ಯಾಮೆರಾದ ಜಾಗ ಒಂದೇ. ಆದ್ದರಿಂದ ಅವೆರಡನ್ನೂ ಒಟ್ಟಿಗೆ ತೆಗೆಯಿರಿ. 3 ಮತ್ತು 6 ಕೂಡ ಹಾಗೆಯೇ.

ಹೂವು ಕಾಯುವುದಿಲ್ಲ

ಸತ್ಯಜಿತ್ ರಾಯ್ ಅವರು 1952ರ ಅಕ್ಟೋಬರ್‌ನಲ್ಲಿ ‘ಪಥೇರ್ ಪಾಂಚಾಲಿ’ ಚಿತ್ರೀಕರಣ ಆರಂಭಿಸಿದ್ದು ಬಿಳಿ ಕಾಶ ಹೂವಿನ ಬಯಲಿನಲ್ಲಿ. ದೃಶ್ಯ ಒಂದೇ ದಿನದಲ್ಲಿ ಮುಗಿಯಲಿಲ್ಲ. ವಾರದ ಬಳಿಕ ತಂಡ ಮರಳಿದಾಗ ಜಾನುವಾರುಗಳು ಹೂವನ್ನೆಲ್ಲ ಮೇಯ್ದಿದ್ದವು. ಉಳಿದ ಭಾಗಕ್ಕಾಗಿ ಹೂವು ಮತ್ತೆ ಅರಳುವ ಋತುವಿನ ತನಕ ಕಾಯಬೇಕಾಯಿತು. ಚಿತ್ರ ತೆರೆಕಂಡದ್ದು 1955ರಲ್ಲಿ. ಛಾಯಾಗ್ರಾಹಕ ಸುಬ್ರತ ಮಿತ್ರ ಅವರು ಅದಕ್ಕಿಂತ ಮೊದಲು ಚಲನಚಿತ್ರದ ಕ್ಯಾಮೆರಾ ನಡೆಸಿದವರೇ ಅಲ್ಲ. ಅನುಭವವಿಲ್ಲದವರೂ ಒಳ್ಳೆಯ ಚಿತ್ರ ಮಾಡಬಲ್ಲರು, ಆದರೆ ಹೂವು ಯಾರಿಗಾಗಿಯೂ ಕಾಯುವುದಿಲ್ಲ.

ಮಲ್ಲಿಗೆಯ ವಿಷಯದಲ್ಲಿ ನಮಗಿರುವ ಸಮಯ ಇನ್ನೂ ಕಡಿಮೆ. ಬೆಳಿಗ್ಗೆ ಕೊಯ್ದ ಮೊಗ್ಗನ್ನು ಕಟ್ಟಿ ಹೊತ್ತಿಗೆ ಸರಿಯಾಗಿ ಮಾರಾಟಕ್ಕೆ ಮುಟ್ಟಿಸಬೇಕು. 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ದರ ದಿನದಿನಕ್ಕೆ ಬದಲಾಗುತ್ತದೆ. ನಮ್ಮ ಶಾಟ್‌ಗಾಗಿ ಮನೆಯಾಕೆ ಒಂದು ಗಂಟೆ ಕೈಕಟ್ಟಿ ಕುಳಿತರೆ ಆ ದಿನದ ಸಂಪಾದನೆಗೇ ಪೆಟ್ಟು. ಆದ್ದರಿಂದ ಚಿತ್ರಕ್ಕೆ ಬೇಕಾದ ಹೂವನ್ನು ಅಂದಿನ ದರ ಕೊಟ್ಟು ತಂಡವೇ ಕೊಂಡುಕೊಳ್ಳಬೇಕು. ಮನೆಯವರ ಹೂವಿಗೆ ಕೈ ಹಾಕಬಾರದು.

ಹೂವು ಕಾಣುವ ಶಾಟ್‌ಗಳನ್ನು ಮೊದಲು ಮುಗಿಸಿ, ಮುಖದ ಶಾಟ್‌ಗಳನ್ನು ಕೊನೆಗೆ ಇಡಿ. ಬುಟ್ಟಿಯಲ್ಲಿ ಎಷ್ಟು ಮೊಗ್ಗಿತ್ತು, ಮಾಲೆ ಎಷ್ಟುದ್ದವಿತ್ತು, ಚೀಲ ಯಾವ ಹೆಗಲಲ್ಲಿತ್ತು ಎಂದು ಒಬ್ಬರು ಪ್ರತಿ ಶಾಟ್‌ನ ಬಳಿಕ ಫೋಟೋ ತೆಗೆದು ಬರೆದಿಡಲಿ. ಕಟ್ಟಿದ ಮಾಲೆ ಮುಂದಿನ ಶಾಟ್‌ನಲ್ಲಿ ಗಿಡ್ಡವಾದರೆ ನೋಡುವವರು ನಗುತ್ತಾರೆ.

ಬೆಳಕು ಮತ್ತು ಧ್ವನಿ

ನಮ್ಮಲ್ಲಿ ವಿದ್ಯುತ್ತಿನ ಆವರ್ತನ 50 ಹರ್ಟ್ಸ್. ಟ್ಯೂಬ್‌ಲೈಟ್ ಅಥವಾ ಅಗ್ಗದ ಎಲ್‌ಇಡಿ ಬೆಳಕಿನಲ್ಲಿ ಚಿತ್ರ ಮಿನುಗದಂತೆ ಕ್ಯಾಮೆರಾವನ್ನು ಸೆಕೆಂಡಿಗೆ 25 ಫ್ರೇಮ್‌ಗೆ, ಶಟರನ್ನು 1/50ಕ್ಕೆ ಇಡಿ. ಮೊಬೈಲ್ ಆದರೆ ಫೋಕಸ್ ಮತ್ತು ಬೆಳಕಿನ ಪ್ರಮಾಣ ತಾನಾಗಿ ಬದಲಾಗದಂತೆ ಲಾಕ್ ಮಾಡಿ.

ಕ್ಯಾಮೆರಾದ ಮೈಕ್ ದೂರವಿದ್ದಷ್ಟು ಮಾತು ಮಸುಕಾಗುತ್ತದೆ. ಇನ್ನೊಂದು ಮೊಬೈಲನ್ನು ಹೂವಿನ ಬುಟ್ಟಿಯ ಮರೆಯಲ್ಲಿಟ್ಟು ಧ್ವನಿ ಮುದ್ರಿಸಿ. ಶಾಟ್‌ನ ಆರಂಭದಲ್ಲಿ ಒಂದು ಚಪ್ಪಾಳೆ ತಟ್ಟಿದರೆ ಬಳಿಕ ಚಿತ್ರಕ್ಕೂ ಧ್ವನಿಗೂ ಹೊಂದಿಸುವುದು ಸುಲಭ. ಫ್ಯಾನ್, ಮಿಕ್ಸಿ ನಿಲ್ಲಿಸಿ. ಕೊನೆಯಲ್ಲಿ ಎಲ್ಲರೂ ಸುಮ್ಮನಿದ್ದು ಜಗಲಿಯ ಬರಿಯ ಮೌನವನ್ನು ಅರ್ಧ ನಿಮಿಷ ಮುದ್ರಿಸಿಕೊಳ್ಳಿ. ಸಂಕಲನದಲ್ಲಿ ತುಣುಕುಗಳ ನಡುವಿನ ಸಂದು ಮುಚ್ಚಲು ಅದು ಬೇಕಾಗುತ್ತದೆ.

ಅನುಮತಿ ಮತ್ತು ಗೌರವ

ನಿರ್ದೇಶನ, ಕ್ಯಾಮೆರಾ, ಧ್ವನಿ, ಟಿಪ್ಪಣಿ ಮತ್ತು ಊಟೋಪಚಾರಕ್ಕೆ ಒಬ್ಬೊಬ್ಬರಿದ್ದರೆ ಸಾಕು. ಹತ್ತು ಮಂದಿ ನೋಡಲು ಬರುವುದು ಬೇಡ. ಮನೆಯವರ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ. ಮಕ್ಕಳು ನಟಿಸುವುದಾದರೆ ಹೆತ್ತವರ ಒಪ್ಪಿಗೆ ಬೇಕು. ಚರ್ಚ್ ಆವರಣವಾದರೆ ಧರ್ಮಗುರುಗಳನ್ನು ಮೊದಲೇ ಕೇಳಿ, ಪೂಜೆಯ ಹೊತ್ತನ್ನು ಬಿಟ್ಟು ದಿನ ಗೊತ್ತುಮಾಡಿ. ಯಾರದೋ ನಿಜವಾದ ಕಷ್ಟವನ್ನು ಆಧರಿಸಿ ಕಥೆ ಬರೆದಿದ್ದರೆ ಅವರ ಗುರುತು ಸಿಗದಂತೆ ಬದಲಾಯಿಸಿ.

ಅಂದೇ ಸಂಜೆ ಎಲ್ಲವನ್ನೂ ಎರಡು ಕಡೆ ಪ್ರತಿ ಮಾಡಿಟ್ಟುಕೊಳ್ಳಿ. ಚಿತ್ರ ಸಿದ್ಧವಾದ ಮೇಲೆ ಮೊದಲ ಪ್ರದರ್ಶನ ಆ ಜಗಲಿಯಲ್ಲೇ, ಆ ಮನೆಯವರ ಮುಂದೆಯೇ ಆಗಲಿ. ಹೂವು ಕಟ್ಟುವ ಕೈಗಳನ್ನು ಸರಿಯಾಗಿ ತೋರಿಸಿದ್ದೇವೆಯೇ ಎಂದು ಹೇಳಬಲ್ಲವರು ಅವರೇ.