ನಮ್ಮ ಟ್ಯೂನ್ ಯಾರದ್ದು? ರಾಕ್, ಸಿನಿಮಾ ಮತ್ತು ಓದದೆ ಹಾಕಿದ ಒಂದು ಸಹಿ

ಇವತ್ತು ಮಾತು ಶುರು ಮಾಡೋದು ನನ್ನದೇ ಒಂದು ಪೆದ್ದುತನದಿಂದ.

ನಾನು ಕೊರಟಗೆರೆಯವನು. ಗಣೇಶೋತ್ಸವ ಬಂತಂದ್ರೆ ಸುತ್ತಮುತ್ತಲ ಊರುಗಳ ಆರ್ಕೆಸ್ಟ್ರಾಗಳಲ್ಲಿ ಗಿಟಾರ್ ಬಾರಿಸ್ತಿದ್ದೆ. ಒಂದು ರಾತ್ರಿ ಧೈರ್ಯ ಮಾಡಿ ನಾನೇ ಕಟ್ಟಿದ ರಾಕ್ ಹಾಡು ಶುರು ಮಾಡಿದೆ. ಎರಡನೇ ಚರಣಕ್ಕೆ ಮುಂಚೆನೇ ಮುಂದಿನ ಸಾಲಿನಿಂದ ಚೀಟಿ ಬಂತು, ಸಿನಿಮಾ ಹಾಡು ಹಾಕಿ ಅಂತ. ಹಾಕಿದ್ವಿ. ಒನ್ಸ್ ಮೋರ್ ಕೂಡ ಸಿಕ್ತು! ಕೆಲವು ವರ್ಷ ಆದ್ಮೇಲೆ ಅದೇ ಟ್ಯೂನನ್ನ ಸಣ್ಣ ಬಜೆಟ್‌ನ ಸಿನಿಮಾದವರೊಬ್ಬರು 15,000 ರೂಪಾಯಿಗೆ ಕೇಳಿದರು. ಅಗ್ರಿಮೆಂಟ್ ಓದದೆ ಸಹಿ ಹಾಕಿದೆ. ಸಿನಿಮಾ ಶುರುವೇ ಆಗಲಿಲ್ಲ. ಆಮೇಲೆ ಆ ಹಾಡನ್ನ ವೇದಿಕೆ ಮೇಲೆ ಹಾಡೋಕೂ ನನಗೆ ಭಯ.

ರಾಕ್ ಹಾಡುವವರಿಗೆ "ಕಲೆನಾ, ಕಾಸಾ?" ಅಂತ ಕೇಳ್ತಾರಲ್ಲ, ಆ ಪ್ರಶ್ನೆನೇ ಸ್ವಲ್ಪ ತಪ್ಪು ಅನ್ನಿಸುತ್ತೆ ನನಗೆ. ರಘು ದೀಕ್ಷಿತ್ ಅವರನ್ನೇ ನೋಡಿ. ಮೈಸೂರಿನಲ್ಲಿ ಬೆಳೆದು ಮೈಕ್ರೋಬಯಾಲಜಿ ಓದಿದವರು, ಭರತನಾಟ್ಯ ಕಲಿತವರು. 'ಅಂತರಾಗ್ನಿ' ತಂಡ ಕಟ್ಟಿದರು, ಅದು ಚದುರಿದ ಮೇಲೆ 'ರಘು ದೀಕ್ಷಿತ್ ಪ್ರಾಜೆಕ್ಟ್' ಶುರು ಮಾಡಿದರು. ಮೊದಲ ಆಲ್ಬಂ ಬಂದದ್ದು 2008ರಲ್ಲಿ, ಹಿಂದಿ ಸಿನಿಮಾದ ಸಂಗೀತ ಜೋಡಿ ವಿಶಾಲ್–ಶೇಖರ್ ಅವರ ಲೇಬಲ್‌ನಿಂದ. ಅದರಲ್ಲಿ ಶಿಶುನಾಳ ಶರೀಫರ ತತ್ವಪದಗಳೂ ಇವೆ. ಅದೇ ವರ್ಷ ಅವರ ಸಂಗೀತದ ಕನ್ನಡ ಸಿನಿಮಾ 'ಸೈಕೋ' ಕೂಡ ಬಂತು. ಅದರ ಮಾದೇಶ್ವರನ ಹಾಡು ನಮ್ಮ ಆರ್ಕೆಸ್ಟ್ರಾಕ್ಕೂ ಬಂದು ಸೇರಿತು. ಅಂದ್ರೆ ಚೀಟಿ ಬರೆದು ಕೇಳೋ ಜನ ರಾಕ್ ಗಿಟಾರನ್ನ ಒಪ್ಪಿಕೊಂಡದ್ದು ಸಿನಿಮಾದ ಬಾಗಿಲಿನಿಂದ. ಇದರಲ್ಲಿ ನನಗೇನೂ ಅವಮಾನ ಕಾಣಲ್ಲ.

ಪ್ರಶ್ನೆ ಇರೋದು ಆ ಬಾಗಿಲು ದಾಟುವಾಗ ಏನು ಬಿಟ್ಟುಕೊಡ್ತೀವಿ ಅನ್ನೋದರಲ್ಲಿ. ಮೊದಲೆಲ್ಲ ಒಂದೇ ಸಲ ದುಡ್ಡು ಕೊಟ್ಟು ಹಾಡನ್ನ ಪೂರ್ತಿ ಬರೆಸಿಕೊಳ್ಳೋದೇ ವಾಡಿಕೆ. 2012ರಲ್ಲಿ ಹಕ್ಕುಸ್ವಾಮ್ಯ ಕಾಯ್ದೆಗೆ ತಿದ್ದುಪಡಿ ಬಂತು. ಚಿತ್ರಮಂದಿರದಲ್ಲಿ ಸಿನಿಮಾ ಜೊತೆ ಹಾಡು ಓಡೋದನ್ನ ಬಿಟ್ಟು ರೇಡಿಯೊ, ಟಿವಿ, ಮೊಬೈಲ್ ಹೀಗೆ ಬೇರೆ ಎಲ್ಲೇ ಬಳಕೆಯಾದರೂ ಸಾಹಿತ್ಯ ಬರೆದವರಿಗೆ, ಸಂಗೀತ ಮಾಡಿದವರಿಗೆ ರಾಯಲ್ಟಿಯಲ್ಲಿ ಸಮಪಾಲು ಇದೆ. "ನನಗೆ ಬೇಡ" ಅಂತ ಸಹಿ ಹಾಕಿದರೂ ಆ ಪಾಲು ಹೋಗಲ್ಲ. ಆದರೆ ಅದು ಕೈಗೆ ಬರಬೇಕಾದರೆ ಐಪಿಆರ್‌ಎಸ್ ಅನ್ನೋ ಸಂಸ್ಥೆಯ ಸದಸ್ಯರಾಗೋದು ಒಳ್ಳೆಯದು, ಹಾಡುಗಳನ್ನ ಅಲ್ಲಿ ದಾಖಲಿಸಬೇಕು. ನಮ್ಮ ಕಡೆ ಟ್ಯೂನ್ ಹಾಕೋ ಎಷ್ಟೋ ಹುಡುಗರು ಆ ಹೆಸರನ್ನೇ ಕೇಳಿಲ್ಲ.

ಇನ್ನೊಂದು, ನನ್ನಂಥವರಿಗೆ. ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ, ಹಕ್ಕು ಬರೆಸಿಕೊಂಡವರು ಒಂದು ವರ್ಷದೊಳಗೆ ಅದನ್ನ ಬಳಸದಿದ್ದರೆ ಅದು ನಮಗೇ ವಾಪಸ್. ಅಗ್ರಿಮೆಂಟ್‌ನಲ್ಲಿ ಬೇರೆ ಥರ ಬರೆದಿರಬಾರದು, ಅಷ್ಟೇ. ಅವಧಿನೇ ಬರೆದಿಲ್ಲ ಅಂದ್ರೆ ಐದು ವರ್ಷ ಅಂತ ಲೆಕ್ಕ. ಈ ಸಂಚಿಕೆಗೆ ಓದ್ತಾ ಕೂತಾಗ ಇದು ಕಣ್ಣಿಗೆ ಬಿತ್ತು. ಹಂಗಾದ್ರೆ ನನ್ನ ಹಾಡು ಯಾವಾಗಲೋ ನನ್ನ ಹತ್ರ ಬಂದುಬಿಟ್ಟಿರಬಹುದು.

ಅಗ್ರಿಮೆಂಟ್‌ನ ಜೆರಾಕ್ಸ್ ಊರಲ್ಲಿ ಅಮ್ಮನ ಟ್ರಂಕಿನೊಳಗೆ ಇರಬೇಕು. ಈ ಭಾನುವಾರ ಬಸ್ ಹತ್ತಿ ಹೋಗಿ ಹುಡುಕ್ತೀನಿ.